ಹಾಯಿದೋಣಿ ರೇಸಿನ ಫೋಟೋ: ನೀರಿನ ಮೇಲೆ ನಮ್ಮ ಬೋಟ್ ಎಲ್ಲಿ ನಿಲ್ಲಬೇಕು?

ಹೊಸಲೆನ್ಸ್:
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ದಡದಲ್ಲಿ ನಿಂತು ಹಾಯಿದೋಣಿ ರೇಸಿನ ಫೋಟೋ ತೆಗೆಯುತ್ತಿದ್ದೆ. ಈ ಬೇಸಿಗೆಯಲ್ಲಿ ಮೊದಲ ಸಲ ನೀರಿಗೆ ಇಳಿದಿದ್ದೇನೆ. ಮೂರು ವಾರದಿಂದ ಶನಿವಾರ, ಭಾನುವಾರ ಎರಡೂ ದಿನ ರಬ್ಬರ್ ಬೋಟಿನಲ್ಲೇ ಇರುತ್ತೇನೆ. ಸೀಸನ್ ಮುಗಿಯುವವರೆಗೂ ಒಂದು ವಾರವೂ ಬಿಡುವಿಲ್ಲ.

ದಿನಕ್ಕೆ ಎರಡು ಸಾವಿರ ಫ್ರೇಮ್ ದಾಟುತ್ತದೆ. ರಾತ್ರಿ ಕೂತು ನೋಡಿದರೆ ಎಲ್ಲಾ ಒಂದೇ ಥರ ಕಾಣುತ್ತವೆ. ನೀಲಿ ನೀರು, ಬಿಳಿ ಹಾಯಿ, ಪಕ್ಕದಿಂದ ಕಾಣುವ ಒಂದು ದೋಣಿ. ಫೋಕಸ್ ಸರಿಯಾಗಿದೆ, ಬೆಳಕೂ ಪರವಾಗಿಲ್ಲ. ಆದರೆ ಅದರಲ್ಲಿ ರೇಸ್ ಇಲ್ಲ.

ಇನ್ನೊಂದು ವಿಷಯವನ್ನೂ ಹೇಳಲೇಬೇಕು. ಹೋದ ಭಾನುವಾರ ಮೇಲಿನ ಮಾರ್ಕ್ (ಗಾಳಿ ಬರುವ ಕಡೆ ಇರುವ, ದೋಣಿಗಳು ಸುತ್ತಬೇಕಾದ ತೇಲುವ ಗುರುತು) ಹತ್ತಿರ ಬೇಗ ತಲುಪೋಣ ಅಂತ ಬೋಟ್ ಓಡಿಸಿದೆವು. ನಮ್ಮ ಅಲೆ ಒಂದು ಚಿಕ್ಕ ದೋಣಿಗೆ ಸರಿಯಾಗಿ ಎದುರಿನಿಂದ ಬಡಿಯಿತು. ಅದರ ವೇಗ ಪೂರ್ತಿ ಸತ್ತುಹೋಯಿತು. ಹಿಂದಿದ್ದ ಎರಡು ದೋಣಿಗಳು ಅವರನ್ನು ದಾಟಿ ಹೋದವು. ಆ ದೋಣಿಯವರು ಏನೂ ಹೇಳಲಿಲ್ಲ, ತಿರುಗಿ ನನ್ನನ್ನು ನೋಡಿದರು ಅಷ್ಟೇ. ಅದು ಇನ್ನೂ ಮನಸ್ಸಿನಲ್ಲಿ ಕೂತಿದೆ.

ನನ್ನ ಹತ್ತಿರ 100-400 ಮಿಮೀ ಲೆನ್ಸ್ ಇದೆ, ದೂರದ್ದನ್ನು ಹತ್ತಿರ ತರುವ ಉದ್ದ ಜೂಮ್. 600 ಇದ್ದರೆ ದೂರ ನಿಂತೇ ತೆಗೆಯಬಹುದಲ್ವಾ? ಅದನ್ನು ತೆಗೆದುಕೊಳ್ಳುವುದೇ ಪರಿಹಾರವಾ? ಅನುಭವ ಇರುವವರು ದಯವಿಟ್ಟು ಹೇಳಿ.

ಅಲೆಮಾರಿ:
ಲೆನ್ಸ್ ಈಗ ತೆಗೆದುಕೊಳ್ಳಬೇಡಿ. ನಿಮ್ಮ ಎರಡೂ ತೊಂದರೆಗೆ ಕಾರಣ ಒಂದೇ. ನೀವು ದೋಣಿಗಳ ಹಿಂದೆ ಹೋಗುತ್ತಿದ್ದೀರಿ. ಹಿಂದೆ ಹೋದಾಗ ಸಿಗುವುದು ಪಕ್ಕದ ನೋಟ ಮಾತ್ರ. ಹಿಂದೆ ಹೋಗಬೇಕು ಅಂದರೆ ಬೋಟ್ ಜೋರಾಗಿ ಓಡಿಸಬೇಕು, ಅದರಿಂದ ಅಲೆ ಏಳುತ್ತದೆ.

ದೋಣಿ ಮುಂದೆ ಎಲ್ಲಿ ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಅಲ್ಲಿ ಹೋಗಿ ಎಂಜಿನ್ ನಿಲ್ಲಿಸಿ ಕಾಯಬಹುದು. ಇದಕ್ಕೆ ರೇಸ್ ಹೇಗೆ ನಡೆಯುತ್ತದೆ ಅಂತ ತಿಳಿದಿರಬೇಕು. ಸಾಮಾನ್ಯವಾಗಿ ಸ್ಟಾರ್ಟ್ ಲೈನ್ ಗಾಳಿಗೆ ಅಡ್ಡಲಾಗಿ ಇರುತ್ತದೆ. ಅಲ್ಲಿಂದ ದೋಣಿಗಳು ಗಾಳಿಗೆ ಎದುರಾಗಿ ಅಂಕುಡೊಂಕಾಗಿ ಹತ್ತುತ್ತಾ ಮೇಲಿನ ಮಾರ್ಕ್‌ಗೆ ಬರುತ್ತವೆ. ಅದನ್ನು ಹೆಚ್ಚಾಗಿ ತಮ್ಮ ಎಡಕ್ಕೆ ಬಿಟ್ಟುಕೊಂಡು ಸುತ್ತುತ್ತವೆ. ಆಮೇಲೆ ಸ್ಪಿನ್ನೇಕರ್ (ಮುಂದೆ ಉಬ್ಬಿಕೊಳ್ಳುವ ದೊಡ್ಡ ಹಾಯಿ) ಇದ್ದರೆ ಅದನ್ನು ಏರಿಸಿ, ಗಾಳಿಯ ಜೊತೆ ಕೆಳಗಿನ ಮಾರ್ಕ್‌ಗೆ ಇಳಿಯುತ್ತವೆ.

ಈಗ ಮೇಲಿನ ಮಾರ್ಕ್ ಅನ್ನೇ ನೋಡಿ. ಗಾಳಿ ಬರುವ ಕಡೆಗೆ ಮುಖ ಮಾಡಿ ನಿಂತರೆ, ಕೊನೆಯ ಹಂತದಲ್ಲಿ ದೋಣಿಗಳು ನಿಮ್ಮ ಬಲಗಡೆಯಿಂದ ಸಾಲಾಗಿ ಬರುತ್ತವೆ. ಸುತ್ತಿದ ಮೇಲೆ ಎಡಕ್ಕೂ ಕೆಳಕ್ಕೂ ಹೋಗುತ್ತವೆ. ಅಂದರೆ ಬಲಗಡೆಯ ಕೆಳಭಾಗ ಬರುವ ದಾರಿ, ಎಡಭಾಗ ಹೋಗುವ ದಾರಿ. ಎರಡೂ ಕಡೆ ನೀವು ಇರಬಾರದು. ಉಳಿದ ಜಾಗ ಮಾರ್ಕ್‌ನಿಂದ ಮೇಲೆ, ಗಾಳಿ ಬರುವ ಕಡೆಗೆ, ಸ್ವಲ್ಪ ಬಲಕ್ಕೆ. ಕೆಲವರು ಲೆಕ್ಕ ತಪ್ಪಿ ಮಾರ್ಕ್‌ಗಿಂತ ಮೇಲಕ್ಕೆ ಬಂದುಬಿಡುತ್ತಾರೆ. ಅವರಿಗೂ ಜಾಗ ಬಿಟ್ಟು ಇನ್ನೂ ಹಿಂದೆ ನಿಲ್ಲಿ. ಅಲ್ಲಿಂದ ನಿಮ್ಮ 100-400 ಧಾರಾಳ ಸಾಕು.

ಅಲ್ಲಿ ನಿಂತಾಗ ಸಿಗುವುದು ಏನು ಗೊತ್ತಾ? ದೋಣಿಯ ಮೂತಿ ನೇರ ನಿಮ್ಮ ಕಡೆ. ಅಂಚಿನಿಂದ ಹೊರಗೆ ಬಾಗಿ ಕೂತವರ ಮುಖ ಕಾಣುತ್ತದೆ. ಅದೇ ಗಾಳಿಯ ಕಡೆಯ ಪಕ್ಕದಿಂದ ತೆಗೆದರೆ ಅವರ ಬೆನ್ನು ಮಾತ್ರ. ಗಾಳಿ ಹೋಗುವ ಕಡೆಯಿಂದ ತೆಗೆದರೆ ಹಾಯಿಯೇ ಎಲ್ಲರನ್ನೂ ಮುಚ್ಚಿಬಿಡುತ್ತದೆ. ಹಿಂದೆ ಇನ್ನೂ ಹತ್ತು ದೋಣಿಗಳು ಸಾಲಾಗಿ ಬರುತ್ತಿರುತ್ತವೆ. ಉದ್ದ ಲೆನ್ಸ್ ಅವನ್ನೆಲ್ಲ ಒತ್ತೊತ್ತಾಗಿ ತೋರಿಸುತ್ತದೆ. ನೀವು ಹೇಳಿದಿರಲ್ಲ, ರೇಸ್ ಇಲ್ಲ ಅಂತ. ರೇಸ್ ಇರುವುದು ಆ ಸಾಲಿನಲ್ಲಿ.

ಚುಕ್ಕಾಣಿ:
ನಾನು ಫೋಟೋ ತೆಗೆಯುವವನಲ್ಲ, ಫೋಟೋ ಬೋಟ್ ಓಡಿಸುವವನು. ಅಲೆಮಾರಿ ಸರ್ ಹೇಳಿದ್ದು ಸರಿ. ಬೋಟಿನ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ.

ಅಲೆ ಏಳಬಾರದು ಅಂತ ಎಷ್ಟೋ ಜನ ಅರ್ಧ ವೇಗದಲ್ಲಿ ಹೋಗುತ್ತಾರೆ. ಅದೇ ಎಲ್ಲಕ್ಕಿಂತ ಕೆಟ್ಟದ್ದು. ಮೂತಿ ಮೇಲೆ, ಹಿಂಭಾಗ ನೀರಿನಲ್ಲಿ ಹೂತುಕೊಂಡು ಹೋಗುವ ಆ ವೇಗದಲ್ಲೇ ದೊಡ್ಡ ಅಲೆ ಏಳುವುದು. ತೀರಾ ನಿಧಾನ ಹೋಗಿ, ಇಲ್ಲವಾದರೆ ಪೂರ್ತಿ ಎದ್ದು ನೀರಿನ ಮೇಲೆ ಜಾರುವ ವೇಗದಲ್ಲಿ ಹೋಗಿ. ಜೋರಾಗಿ ಹೋಗುವುದಾದರೆ ರೇಸಿನ ಜಾಗದ ಹೊರಗಡೆ ಬಳಸಿಕೊಂಡೇ ಹೋಗಬೇಕು. ನಡುವೆ ಅಡ್ಡ ಹಾಯುವ ಮಾತೇ ಇಲ್ಲ. ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಅಪಘಾತ ತಪ್ಪಿಸುವ ಅಂತರರಾಷ್ಟ್ರೀಯ ಕಡಲ ನಿಯಮದಲ್ಲೂ ಎಂಜಿನ್ ಬೋಟ್ ಹಾಯಿದೋಣಿಗೆ ದಾರಿ ಬಿಡಬೇಕು ಅಂತಲೇ ಇದೆ. ಅದು ರೇಸ್ ಇದ್ದರೂ ಇಲ್ಲದಿದ್ದರೂ. ನಾನು ಓಡಿಸುವಾಗ ಲೆಕ್ಕ ಹಾಕುವುದು ಹೀಗೆ: ಎದುರಿನ ದೋಣಿಯವನು ನನ್ನಿಂದಾಗಿ ಒಂದು ಕ್ಷಣ ಯೋಚನೆ ಮಾಡಬೇಕಾಗಿ ಬಂದರೂ ನಾನು ತಪ್ಪು ಜಾಗದಲ್ಲಿ ಇದ್ದೇನೆ.

ಹೊಸಲೆನ್ಸ್ ಅವರೇ, ನಿಮ್ಮ ಬೋಟ್ ಓಡಿಸುವುದು ಯಾರು? ನೀವೇ ಓಡಿಸಿಕೊಂಡು ನೀವೇ ತೆಗೆಯುತ್ತೀರಾ?

ಹೊಸಲೆನ್ಸ್:
ಹೌದು ಅಣ್ಣ, ಬಹಳ ಸಲ ನಾನೇ. ಒಂದು ಕೈ ಸ್ಟೀರಿಂಗ್ ಮೇಲೆ, ಒಂದು ಕೈಯಲ್ಲಿ ಕ್ಯಾಮೆರಾ. ಹೋದ ಭಾನುವಾರ ಮಾತ್ರ ಗೆಳೆಯನೊಬ್ಬ ಓಡಿಸಿದ. ಅವನಿಗೆ ಬೋಟ್ ಗೊತ್ತು, ರೇಸ್ ಗೊತ್ತಿಲ್ಲ.

ಚುಕ್ಕಾಣಿ:
ಒಬ್ಬರೇ ಎರಡೂ ಮಾಡುವುದನ್ನು ದಯವಿಟ್ಟು ಇವತ್ತಿಗೇ ನಿಲ್ಲಿಸಿ. ಕಣ್ಣು ಲೆನ್ಸಿನಲ್ಲಿ ಇದ್ದಾಗ ಪಕ್ಕದಿಂದ ಬರುವ ದೋಣಿ ಕಾಣುವುದೇ ಇಲ್ಲ. ಉದ್ದ ಲೆನ್ಸಿನಲ್ಲಿ ದೂರದ ಅಂದಾಜೂ ಸಿಗುವುದಿಲ್ಲ. ಓಡಿಸುವವರು ಕಿಲ್ ಕಾರ್ಡ್, ಅಂದರೆ ಎಂಜಿನ್ ಸ್ವಿಚ್‌ಗೆ ಜೋಡಿಸಿದ ಹಗ್ಗ, ಕಟ್ಟಿಕೊಂಡಿರಲೇಬೇಕು. ಆಯ ತಪ್ಪಿ ನೀರಿಗೆ ಬಿದ್ದರೆ ಎಂಜಿನ್ ತಾನೇ ನಿಲ್ಲುತ್ತದೆ. ಅದಿಲ್ಲದೆ ಬಿದ್ದರೆ ಖಾಲಿ ಬೋಟ್ ಸುತ್ತು ಹಾಕಿ ಬಿದ್ದವರ ಮೇಲೇ ಬರಬಹುದು. ಲೈಫ್ ಜಾಕೆಟ್ ಇಬ್ಬರಿಗೂ, ಬೋಟ್ ನಿಂತಿರುವಾಗಲೂ.

ಗೆಳೆಯನಿಗೆ ರೇಸ್ ಗೊತ್ತಿಲ್ಲ ಅಂದರೆ ಕಲಿಸಬಹುದು. ಬಲಗಡೆಯಿಂದ ಗಾಳಿ ಪಡೆಯುವ ದೋಣಿಗೆ ಎಡಗಡೆಯಿಂದ ಗಾಳಿ ಪಡೆಯುವ ದೋಣಿ ದಾರಿ ಬಿಡಬೇಕು. ಈ ಒಂದು ನಿಯಮ ತಲೆಗೆ ಹತ್ತಿದರೂ ಯಾರು ಯಾವಾಗ ತಿರುಗುತ್ತಾರೆ ಅಂತ ಅರ್ಧ ಊಹೆ ಸಿಗುತ್ತದೆ. ಮಾರ್ಕ್ ಸುತ್ತ ದೋಣಿಯ ಮೂರು ಉದ್ದದಷ್ಟು ಜಾಗಕ್ಕೆ ಬೇರೆ ನಿಯಮ ಇದೆ. ಅಲ್ಲಿ ಒಳಗಡೆ ಇರುವ ದೋಣಿಗೆ ಸಾಮಾನ್ಯವಾಗಿ ಸುತ್ತಲು ಜಾಗ ಕೊಡಬೇಕು. ಅದಕ್ಕೇ ಅಲ್ಲಿ ಕೂಗಾಟ ಜಾಸ್ತಿ. ನಿಮಗೆ ಬೇಕಾದ ಮುಖಗಳೂ ಅಲ್ಲೇ ಸಿಗುವುದು.

ಟ್ರಪೀಜ್ ತಂತಿ:
ನಾನು ಎರಡು ಜನರ ದೋಣಿಯಲ್ಲಿ ಮುಂದೆ ಇರುವವಳು, ತಂತಿಗೆ ನೇತುಬಿದ್ದು ರೇಸ್ ಮಾಡುವವಳು. ನಮ್ಮ ಕಡೆಯಿಂದ ಹೇಳುತ್ತೇನೆ.

ಫೋಟೋ ಬೋಟ್ ಬಂದರೆ ನಮಗೆ ಖುಷಿಯೇ. ಇಡೀ ಸೀಸನ್ ಒದ್ದೆಯಾಗಿ, ಕೈ ತರಚಿಕೊಂಡು ಮಾಡಿದ್ದಕ್ಕೆ ಉಳಿಯುವುದು ಆ ಫೋಟೋಗಳೇ. ಆದರೆ ಎರಡು ವಿಷಯ. ಗಾಳಿ ಕಮ್ಮಿ ಇರುವ ದಿನ ನೀವು ನಮಗಿಂತ ಗಾಳಿ ಬರುವ ಕಡೆ, ಹತ್ತಿರದಲ್ಲಿ ನಿಂತರೆ ನಮ್ಮ ಗಾಳಿ ಕೆಡುತ್ತದೆ. ನಿಮ್ಮ ಬೋಟ್ ಚಿಕ್ಕದಿರಬಹುದು. ಆ ದಿನ ನಮಗೆ ಸಿಗುವ ಗಾಳಿಯೂ ಅಷ್ಟೇ ಚಿಕ್ಕದು. ಸಣ್ಣ ಅಲೆ ಕೂಡ ಹಾಯಿಯನ್ನು ಅಲುಗಿಸಿ ಇದ್ದ ಗಾಳಿಯನ್ನು ಉದುರಿಸಿಬಿಡುತ್ತದೆ. ಜೋರು ಗಾಳಿಯ ದಿನ ಇದ್ಯಾವುದೂ ಅಷ್ಟು ಲೆಕ್ಕಕ್ಕಿಲ್ಲ. ಗಾಳಿ ಕಮ್ಮಿ ಆದಷ್ಟೂ ನೀವು ದೂರ ಇರಬೇಕು.

ಎರಡನೆಯದು, ರೇಸ್ ನಡೆಯುವಾಗ ನಮಗೆ ಏನನ್ನೂ ಕೂಗಿ ಹೇಳಬೇಡಿ. "ಆ ಕಡೆ ಗಾಳಿ ಜಾಸ್ತಿ ಇದೆ ನೋಡಿ" ಅಂತ ಪ್ರೀತಿಯಿಂದಲೇ ಹೇಳುವವರು ಇದ್ದಾರೆ. ಹೊರಗಿನವರಿಂದ ನೆರವು ಪಡೆಯಬಾರದು ಅಂತ ರೇಸಿಂಗ್ ನಿಯಮ 41 ಹೇಳುತ್ತದೆ. ನಿಮ್ಮ ಒಳ್ಳೆಯ ಮಾತಿಗೆ ನಮ್ಮ ಮೇಲೆ ದೂರು ಬರಬಹುದು.

ಒಂದು ಕೋರಿಕೆಯೂ ಇದೆ. ಮುಖದ ಫೋಟೋ ಜೊತೆಗೆ ಪೂರ್ತಿ ಹಾಯಿ ಕಾಣುವ ಒಂದೆರಡು ಫೋಟೋ ತೆಗೆಯಿರಿ, ಹಿಂದಿನಿಂದ. ಹಾಯಿಯ ತುದಿ ಎಷ್ಟು ತಿರುಚಿಕೊಂಡಿದೆ, ಹೊಟ್ಟೆ ಎಲ್ಲಿ ಜಾಸ್ತಿ ಬಂದಿದೆ ಅಂತ ನಾವು ಆ ಫೋಟೋ ನೋಡಿಯೇ ತಿದ್ದಿಕೊಳ್ಳುವುದು. ಅದು ಯಾರಿಗೂ ಚಂದ ಅನಿಸದೆ ಇರಬಹುದು. ನಮಗೆ ಬಹಳ ಬೇಕಾದದ್ದು.

ನೆರಳುಬೆಳಕು:
ಬೆಳಕಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಶುರು ಮಾಡುತ್ತೇನೆ.

ಬಿಳಿ ಹಾಯಿ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಅನ್ನು ಎರಡೂ ಕಡೆಯಿಂದ ತಪ್ಪು ದಾರಿಗೆ ಎಳೆಯುತ್ತದೆ. ಫ್ರೇಮ್ ತುಂಬ ಹಾಯಿ ಇದ್ದರೆ ಅದನ್ನು ಬೂದು ಮಾಡಿ ಎಲ್ಲವನ್ನೂ ಕಪ್ಪಾಗಿಸುತ್ತದೆ. ಕಪ್ಪು ನೀರಿನ ನಡುವೆ ಹಾಯಿ ಸಣ್ಣದಾಗಿದ್ದರೆ ನೀರನ್ನು ಬೆಳಗಿಸಲು ಹೋಗಿ ಹಾಯಿಯನ್ನು ಸುಟ್ಟುಬಿಡುತ್ತದೆ, ಅಂದರೆ ಬರೀ ಬಿಳಿ ಮಾಡಿಬಿಡುತ್ತದೆ. ಹೊಲಿಗೆ, ನಂಬರ್ ಎಲ್ಲಾ ಹೋಗುತ್ತದೆ, ಆಮೇಲೆ ವಾಪಸ್ ಬರುವುದಿಲ್ಲ. ಮೋಡವಿಲ್ಲದ ಬೇಸಿಗೆ ದಿನ ಬೆಳಕು ಗಂಟೆಗಟ್ಟಲೆ ಹಾಗೇ ಇರುತ್ತದೆ. ಹಾಗಾಗಿ ನಾನು ಮ್ಯಾನುವಲ್‌ನಲ್ಲೇ ಇಡುತ್ತೇನೆ. ಬಿಸಿಲು ನೇರ ಬೀಳುವ ಹಾಯಿ ನೋಡಿ, ಅದು ಸುಡದ ಹಾಗೆ ಹೊಂದಿಸಿ ಬಿಡುವುದು. ಸೂರ್ಯನ ಎದುರಿಗೆ ತಿರುಗಿದಾಗ ಮಾತ್ರ ಮತ್ತೆ ಅಳೆಯಬೇಕು.

ಸೂರ್ಯನ ಎದುರಿಗೆ ತಿರುಗಲು ಹೆದರಬೇಡಿ. ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿದ್ದಾಗ ಟೋಪಿಯ ಕೆಳಗೆ ಮುಖವೆಲ್ಲಾ ಕಪ್ಪು. ಆಮೇಲೆ ಸೂರ್ಯ ಇಳಿದು ಹಾಯಿಯ ಹಿಂದೆ ಬಂದಾಗ ಇಡೀ ಬಟ್ಟೆ ದೀಪದ ಹಾಗೆ ಹೊಳೆಯುತ್ತದೆ. ಒಳಗಿನ ಪಟ್ಟಿಗಳು, ಆಚೆ ಕೂತವರ ನೆರಳು ಎಲ್ಲಾ ಬಟ್ಟೆಯ ಮೇಲೆ ಮೂಡುತ್ತದೆ. ಹಾರುವ ನೀರಿನ ಹನಿಗೂ ಹಿಂದಿನ ಬೆಳಕೇ ಜೀವ.

ನೀರಿನ ಹೊಳಪು ಕಡಿಮೆ ಮಾಡಲು ಲೆನ್ಸಿಗೆ ಪೋಲರೈಸರ್ ಫಿಲ್ಟರ್ ಹಾಕುವವರು ಇದ್ದಾರೆ. ನಾನು ಹಾಕುವುದಿಲ್ಲ. 1ರಿಂದ 2 ಸ್ಟಾಪ್ ಬೆಳಕು ತಿನ್ನುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದ ಹಾಗೆ). ಬೋಟ್ ಸುತ್ತಿದಾಗೆಲ್ಲ ಅದನ್ನೂ ಸುತ್ತಿಸುತ್ತಿರಬೇಕು. ಸುತ್ತಿಸುವಷ್ಟರಲ್ಲಿ ಕ್ಷಣ ಹೋಗಿರುತ್ತದೆ.

ಅಲೆಮಾರಿ:
ಪೋಲರೈಸರ್ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ನೆತ್ತಿಯ ಬಿಸಿಲಿನಲ್ಲಿ ನೀರು ಬರೀ ಬೆಳ್ಳಿ ತಗಡಿನ ಹಾಗೆ ಕಾಣುವಾಗ ಅದು ನೀರಿನ ಬಣ್ಣ ವಾಪಸ್ ಕೊಡುತ್ತದೆ. ಒಂದೇ ಕಡೆ ನಿಂತು ತೆಗೆಯುವವರಿಗೆ ಪದೇಪದೇ ಸುತ್ತಿಸುವ ಕೆಲಸವೂ ಇರುವುದಿಲ್ಲ. ಬೆಳಕು ತಗ್ಗಿದ ಮೇಲೆ ತೆಗೆದಿಡುತ್ತೇನೆ.

ಶಟರ್ ಬಗ್ಗೆ ಒಂದು ಮಾತು. ದೋಣಿಯೂ ಅಲುಗುತ್ತದೆ, ನಾವೂ ಅಲುಗುತ್ತೇವೆ. ಉದ್ದ ಲೆನ್ಸಿಗೆ 1/1600 ಸೆಕೆಂಡಿಗಿಂತ ನಿಧಾನ ಶಟರ್‌ಗೆ ನಾನು ಹೋಗುವುದಿಲ್ಲ. ಹನಿ ಹನಿಯೂ ನಿಲ್ಲಬೇಕು ಅಂದರೆ 1/2000. ಮೊಣಕೈಯನ್ನು ಬೋಟಿನ ಅಂಚಿಗೆ ಊರಬೇಡಿ. ಎಂಜಿನ್ ನಡುಕ ನೇರ ಕ್ಯಾಮೆರಾಕ್ಕೆ ಬರುತ್ತದೆ. ಮಂಡಿ ಸ್ವಲ್ಪ ಬಗ್ಗಿಸಿ, ಸೊಂಟದಿಂದ ಮೇಲೆ ಸಡಿಲ ಬಿಡಿ. ಕಾಲುಗಳೇ ಅಲೆಯನ್ನು ನುಂಗಬೇಕು.

ಇಲ್ಲಿ ಒಂದು ಹಳೆಯ ಕಥೆ ನೆನಪಾಗುತ್ತದೆ. ಇಂಗ್ಲೆಂಡಿನ ಕೌಸ್‌ನಲ್ಲಿ ಫ್ರಾಂಕ್ ಬೀಕನ್ ಅಂತ ಒಬ್ಬರಿದ್ದರು. ಹಾಯಿದೋಣಿ ಫೋಟೋಗಳಿಗೆ ಬಹಳ ದೊಡ್ಡ ಹೆಸರು. ಮರದ ದೊಡ್ಡ ಪೆಟ್ಟಿಗೆಯಂಥ ಕ್ಯಾಮೆರಾವನ್ನು ತಾವೇ ರೂಪಿಸಿಕೊಂಡಿದ್ದರು. ಎರಡೂ ಕೈ ಅದನ್ನು ಹಿಡಿಯುವುದಕ್ಕೇ ಬೇಕಿತ್ತು. ಹಾಗಾಗಿ ಶಟರ್‌ಗೆ ಒಂದು ರಬ್ಬರ್ ಚೆಂಡು ಜೋಡಿಸಿ, ಅದನ್ನು ಬಾಯಲ್ಲಿಟ್ಟು ಹಲ್ಲಿನಲ್ಲಿ ಕಚ್ಚಿ ಒತ್ತುತ್ತಿದ್ದರು. ಅವರಿಗೆ ಒಂದು ಸೆಕೆಂಡಿಗೆ ಇಪ್ಪತ್ತು ಫ್ರೇಮ್ ಇರಲಿಲ್ಲ. ಗಾಜಿನ ಪ್ಲೇಟ್ ಒಂದೊಂದೇ. ಆ ಫೋಟೋಗಳಲ್ಲಿ ದೋಣಿ ಅಲೆಯ ಮೇಲೆ ಯಾವ ಜಾಗದಲ್ಲಿದೆ ಅಂತ ಗಮನಿಸಿ ನೋಡಿ. ಕಾದು ಹಿಡಿದದ್ದು ಅಂತ ಗೊತ್ತಾಗುತ್ತದೆ.

ಅಮೆರಿಕದಲ್ಲಿ ಮಾರಿಸ್ ರೋಸೆನ್‌ಫೆಲ್ಡ್ ಮತ್ತು ಅವರ ಮಕ್ಕಳದ್ದು ಇನ್ನೊಂದು ದಾರಿ. ಅವರು ತಮ್ಮದೇ ಮೋಟಾರ್ ಬೋಟಿನಲ್ಲಿ ರೇಸ್‌ಗಳಿಗೆ ಹೋಗುತ್ತಿದ್ದರು. ಆ ಬೋಟಿನ ಹೆಸರೇ "ಫೋಟೋ". ಅವರ ಸಂಗ್ರಹ ಈಗ ಮಿಸ್ಟಿಕ್ ಸೀಪೋರ್ಟ್ ಮ್ಯೂಸಿಯಂನಲ್ಲಿದೆ, ಸುಮಾರು 10 ಲಕ್ಷ ಚಿತ್ರಗಳು. ಕ್ಯಾಮೆರಾದಷ್ಟೇ ಬೋಟ್ ಕೂಡ ಉಪಕರಣ ಅಂತ ಅವರು ಆಗಲೇ ತಿಳಿದಿದ್ದರು.

ಹೊಸಲೆನ್ಸ್:
ಹಲ್ಲಿನಲ್ಲಿ ಕಚ್ಚಿ ತೆಗೆದದ್ದು ಅಂತ ಗೊತ್ತೇ ಇರಲಿಲ್ಲ ಸರ್! ಇವತ್ತು ರಾತ್ರಿ ಆ ಫೋಟೋಗಳನ್ನು ಹುಡುಕಿ ನೋಡುತ್ತೇನೆ.

ಸ್ಟಾರ್ಟ್ ಬಗ್ಗೆ ಕೇಳಬೇಕಿತ್ತು. ಅಷ್ಟು ದೋಣಿಗಳು ಒಂದೇ ಸಲ ಹೊರಡುವುದು ಎಲ್ಲಕ್ಕಿಂತ ರೋಮಾಂಚಕ. ನನಗೆ ಮಾತ್ರ ಪ್ರತಿ ಸಲ ಹಿಂಭಾಗಗಳೇ ಸಿಗುತ್ತವೆ.

ಕಮಿಟಿಬೋಟ್:
ನಾನು ರೇಸ್ ನಡೆಸುವ ತಂಡದಲ್ಲಿ ಕೆಲಸ ಮಾಡುತ್ತೇನೆ. ಸ್ಟಾರ್ಟ್ ವಿಷಯ ನಾನೇ ಹೇಳುವುದು ಒಳ್ಳೆಯದು.

ಸಾಮಾನ್ಯವಾಗಿ ಐದು ನಿಮಿಷದ ಕ್ರಮ. ಸ್ಟಾರ್ಟ್‌ಗೆ ಐದು ನಿಮಿಷ ಇರುವಾಗ ಆ ದೋಣಿ ವರ್ಗದ ಬಾವುಟ ಏರುತ್ತದೆ. ನಾಲ್ಕಕ್ಕೆ ಎರಡನೆಯ ಬಾವುಟ, 'ಪಿ' ಅಕ್ಷರದ್ದು ಇಲ್ಲವೇ ಅದರ ಬದಲಿಗೆ ಬರುವ ಇನ್ನೊಂದು. ಒಂದು ನಿಮಿಷ ಇರುವಾಗ ಅದು ಇಳಿಯುತ್ತದೆ. ಸೊನ್ನೆಗೆ ವರ್ಗದ ಬಾವುಟ ಇಳಿದರೆ ಸ್ಟಾರ್ಟ್. ಬಾವುಟದ ಜೊತೆಗೆ ಶಬ್ದವೂ ಬರುತ್ತದೆ. ಆದರೆ ಲೆಕ್ಕ ಬಾವುಟದ್ದು. ನಿಮಗೆ ಬೇಕಾದ ಕ್ಷಣ ಕೊನೆಯ ಹತ್ತು ಸೆಕೆಂಡ್. ಅಲ್ಲಿಯವರೆಗೆ ಹಾಯಿಗಳು ಪಟಪಟ ಬಡಿದುಕೊಳ್ಳುತ್ತಾ ನಿಂತಿರುತ್ತವೆ. ಒಮ್ಮೆಲೇ ಎಲ್ಲರೂ ಹಗ್ಗ ಎಳೆಯುತ್ತಾರೆ, ಹಾಯಿಗಳೆಲ್ಲಾ ಬಿಗಿಯುತ್ತವೆ, ಎಲ್ಲರೂ ಹೊರಗೆ ಬಾಗುತ್ತಾರೆ.

ಎಲ್ಲಿ ನಿಲ್ಲುವುದು? ಲೈನಿನ ಬಲ ತುದಿಯಲ್ಲಿ ನಮ್ಮ ಕಮಿಟಿ ಬೋಟ್, ಎಡ ತುದಿಯಲ್ಲಿ ಚಿಕ್ಕ ಮಾರ್ಕ್ ಇರುತ್ತದೆ ಅಂದುಕೊಳ್ಳಿ. ದೋಣಿಗಳು ಹೆಚ್ಚಾಗಿ ಎಡಕ್ಕೂ ಮೇಲಕ್ಕೂ ಹೊರಡುತ್ತವೆ. ಹಾಗಾಗಿ ಎಡ ಮಾರ್ಕ್‌ನ ಹೊರಗೆ, ಲೈನಿಗಿಂತ ಸ್ವಲ್ಪ ಕೆಳಗೆ ನಿಲ್ಲಿ. ಅಲ್ಲಿಂದ ಇಡೀ ಸಾಲು ಒಂದರ ಮೇಲೊಂದು ಜೋಡಿಸಿದ ಹಾಗೆ ಕಾಣುತ್ತದೆ. ಲೈನಿನ ಮೇಲುಗಡೆ ಬಹಳ ದೂರ ನಿಂತು, ಎದುರಿನಿಂದ ಉದ್ದ ಲೆನ್ಸಿನಲ್ಲಿ ತೆಗೆಯುವವರೂ ಇದ್ದಾರೆ. ಅದ್ಭುತ ಫೋಟೋ ಬರುತ್ತದೆ, ನಿಜ. ಆದರೆ ಐವತ್ತು ದೋಣಿಗಳು ನಿಮ್ಮ ಮೇಲೇ ಬರುತ್ತಿರುತ್ತವೆ. ನಮ್ಮ ಒಪ್ಪಿಗೆ ಇಲ್ಲದೆ ಅಲ್ಲಿಗೆ ಹೋಗಬೇಡಿ. ಹೋದರೂ ಅವರು ಹತ್ತಿರ ಬರುವ ಎಷ್ಟೋ ಮೊದಲೇ ನಿಧಾನವಾಗಿ ಪಕ್ಕಕ್ಕೆ ಸರಿಯಬೇಕು. ಒಂದು ವೇಳೆ ಬಹಳ ಜನ ಮುಂಚೆ ಹೊರಟರೆ ನಾವು ಎಲ್ಲರನ್ನೂ ವಾಪಸ್ ಕರೆಯುತ್ತೇವೆ. ಆಗ ದೋಣಿಗಳು ಎಲ್ಲಾ ದಿಕ್ಕಿಗೂ ತಿರುಗುತ್ತವೆ. ಆ ಗೊಂದಲದ ನಡುವೆ ನೀವು ಇರಬಾರದು.

ಬೆಳಿಗ್ಗೆ ಸಭೆಗೆ ಬನ್ನಿ. ನಿಮ್ಮ ಬೋಟ್ ಯಾವುದು, ಎಷ್ಟು ಜನ ಅಂತ ಹೇಳಿ. ನಾವು ಬಳಸುವ ರೇಡಿಯೋ ಚಾನೆಲ್ ಕೇಳಿಕೊಂಡು ಅದನ್ನು ಹಾಕಿಟ್ಟಿರಿ. ಗಾಳಿ ತಿರುಗಿದರೆ ನಾವು ಮಾರ್ಕ್ ಜಾಗ ಬದಲಿಸುತ್ತೇವೆ, ಅದು ರೇಡಿಯೋದಲ್ಲೇ ಗೊತ್ತಾಗುತ್ತದೆ. ಹೇಳದೆ ಕೇಳದೆ ಬರುವ ಬೋಟ್‌ಗಳನ್ನು ಕಂಡರೆ ನಮಗೆ ಆತಂಕ. ಪರಿಚಯದ ಬೋಟ್ ಆದರೆ ಸ್ವಲ್ಪ ಹತ್ತಿರ ಹೋಗಲು ನಾವೇ ಹೇಳುತ್ತೇವೆ.

ಉಪ್ಪುನೀರು:
ಸೀಸನ್ ಪೂರ್ತಿ ಅಂದಿರಲ್ಲ, ಸಾಮಾನಿನ ಬಗ್ಗೆ ಹೇಳಲೇಬೇಕು. ನನ್ನ ಒಂದು ಲೆನ್ಸ್ ಉಪ್ಪಿಗೇ ಹೋಯಿತು. ಒಂದೇ ದಿನದಲ್ಲಿ ಅಲ್ಲ, ಎರಡು ತಿಂಗಳು ಸ್ವಲ್ಪ ಸ್ವಲ್ಪವಾಗಿ. ಪ್ರತಿ ಸಲ ಮನೆಗೆ ಬಂದು ಒಣ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಒಣ ಬಟ್ಟೆ ಉಪ್ಪಿನ ಹರಳನ್ನು ಗಾಜಿನ ಮೇಲೆ ಉಜ್ಜುತ್ತದೆ, ಸಂದಿಯೊಳಗೆ ತಳ್ಳುತ್ತದೆ. ಮೊದಲು ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆ, ಅದು ಉಪ್ಪನ್ನು ಕರಗಿಸುತ್ತದೆ. ಆಮೇಲೆ ಒಣ ಬಟ್ಟೆ. ಗಾಜಿಗೆ ಬೇರೆ ಮೆತ್ತನೆಯ ಬಟ್ಟೆ ಇಟ್ಟುಕೊಳ್ಳಿ. ಎಷ್ಟೇ ಸುಸ್ತಾಗಿದ್ದರೂ ಅದೇ ರಾತ್ರಿ ಮಾಡಬೇಕು.

ನೀರಿನ ಮೇಲೆ ಲೆನ್ಸ್ ಬದಲಿಸಬೇಡಿ. ಎರಡು ಕ್ಯಾಮೆರಾ ಇದ್ದರೆ ಒಂದಕ್ಕೆ ಉದ್ದ, ಒಂದಕ್ಕೆ ಅಗಲ. ಒಂದೇ ಇದ್ದರೆ ಜೂಮ್ ಸಾಕು. ಲೆನ್ಸ್ ಹುಡ್ ಹಾಕಿಯೇ ಇರಿ, ಅರ್ಧ ಹನಿಗಳನ್ನು ಅದೇ ತಡೆಯುತ್ತದೆ. ಏಸಿ ಕೋಣೆಯಿಂದ ನೇರ ಹೊರಗೆ ತಂದರೆ ಗಾಜಿನ ಮೇಲೆ ಮಂಜು ಕೂರುತ್ತದೆ. ಅರ್ಧ ಗಂಟೆ ಮೊದಲೇ ಚೀಲದಲ್ಲಿಟ್ಟು ಹೊರಗಿಡಿ. ಸನ್‌ಸ್ಕ್ರೀನ್ ಹಚ್ಚಿದ ಕೈಯನ್ನು ಒರೆಸಿಕೊಂಡೇ ಕ್ಯಾಮೆರಾ ಮುಟ್ಟಿ. ಆ ಜಿಡ್ಡು ಗಾಜಿಗೆ ಹತ್ತಿದರೆ ನೀರಿನ ಮೇಲೆ ಸುಲಭಕ್ಕೆ ಹೋಗುವುದಿಲ್ಲ.

ಹೊಟ್ಟೆ ತೊಳಸುವವರಿಗೆ ಒಂದು ಮಾತು. ತೆಗೆದ ಫೋಟೋಗಳನ್ನು ಬೋಟಿನಲ್ಲೇ ತಲೆ ತಗ್ಗಿಸಿ ನೋಡುತ್ತಾ ಕೂರಬೇಡಿ. ಎರಡು ರೇಸಿನ ನಡುವೆ ದೂರದ ದಿಗಂತ ನೋಡಿ, ನೀರು ಕುಡಿಯಿರಿ.

ಹೊಸಲೆನ್ಸ್:
ನಾನೂ ಒಣ ಬಟ್ಟೆಯಲ್ಲೇ ಒರೆಸುತ್ತಿದ್ದೆ. ಇವತ್ತೇ ಬದಲಿಸುತ್ತೇನೆ. 600 ಲೆನ್ಸ್ ವಿಷಯ ಹಾಗೇ ಉಳಿಯಿತು. ದೂರ ನಿಂತರೆ ಯಾರಿಗೂ ತೊಂದರೆ ಇಲ್ಲ ಅಲ್ವಾ?

ನೆರಳುಬೆಳಕು:
ಬೇಸಿಗೆಯಲ್ಲಿ ದೂರ ಅಂದರೆ ಮಧ್ಯದಲ್ಲಿ ಬಿಸಿ ಗಾಳಿ ಜಾಸ್ತಿ. ಬಿಸಿ ಗಾಳಿ, ತಣ್ಣನೆ ಗಾಳಿ ಬೆರೆಯುವ ಕಡೆ ಬೆಳಕು ನಡುಗುತ್ತದೆ. ನೀರಿನ ಮಟ್ಟದಲ್ಲಿ ಕೂತು ಉದ್ದ ಲೆನ್ಸಿನಲ್ಲಿ ದೂರದ ದೋಣಿ ತೆಗೆದರೆ ಹಾಯಿಯ ಅಂಚು ಕರಗಿದ ಹಾಗೆ ಬರುತ್ತದೆ. ಫೋಕಸ್ ತಪ್ಪಿದೆ ಅಂದುಕೊಂಡು ಕ್ಯಾಮೆರಾ ರಿಪೇರಿಗೆ ಕೊಟ್ಟವರನ್ನು ನಾನು ಬಲ್ಲೆ. ಎಷ್ಟು ಒಳ್ಳೆಯ ಲೆನ್ಸ್ ಆದರೂ ಇದಕ್ಕೆ ಮದ್ದಿಲ್ಲ. ಸರಿಯಾದ ಜಾಗದಲ್ಲಿ ಹತ್ತಿರ ಇರುವುದೇ ದಾರಿ.

ಹಾಂ, ಫೋಕಸ್ ಅಂದಾಗ ನೆನಪಾಯಿತು. ಬೋಳು ಬಿಳಿ ಬಟ್ಟೆಯ ಮೇಲೆ ಫೋಕಸ್ ಸಿಗದೆ ಒದ್ದಾಡುತ್ತದೆ. ಹಾಯಿಯ ನಂಬರ್ ಮೇಲೆ, ಇಲ್ಲವೇ ಕೂತವರ ಮೇಲೆ ಬಿಂದು ಇಡಿ. ಮುಂದೆ ಹನಿ ಹಾರಿದಾಗ ಫೋಕಸ್ ಅದರ ಹಿಂದೆ ಓಡದಂತೆ, ಬೇಗ ಬದಲಾಗದ ಸೆಟ್ಟಿಂಗ್ ಬಹಳ ಕ್ಯಾಮೆರಾಗಳಲ್ಲಿ ಇರುತ್ತದೆ. ಅದನ್ನು ಹಾಕಿಕೊಳ್ಳಿ.

ಮರಿದೋಣಿ ಅಮ್ಮ:
ನನ್ನ ಮಗಳು ಆಪ್ಟಿಮಿಸ್ಟ್ ಓಡಿಸುತ್ತಾಳೆ. 2.3 ಮೀಟರ್ ಉದ್ದದ ಪುಟ್ಟ ದೋಣಿ, ಒಳಗೆ ಒಂದೇ ಮಗು. ತಾಯಿಯಾಗಿ ಒಂದು ಮಾತು ಕೇಳಬೇಕಿತ್ತು. ಅವಳ ದೋಣಿ ಮಗುಚಿದಾಗ ಒಂದು ಫೋಟೋ ಬೋಟ್ ಪಕ್ಕದಲ್ಲೇ ನಿಂತು ತೆಗೆಯುತ್ತಿತ್ತು. ಅವಳು ಅಳುತ್ತಿದ್ದಳು. ಆ ಫೋಟೋ ಎಲ್ಲರೂ ನೋಡುವ ಕಡೆ ಬಂತು. ಕೇಳಿದ ಮೇಲೆ ತೆಗೆದರು, ಅದಕ್ಕೆ ಋಣಿ. ಆದರೂ ಅವಳು ಎರಡು ವಾರ ನೀರಿಗೆ ಇಳಿಯಲಿಲ್ಲ. ಇಂಥ ಹೊತ್ತಲ್ಲಿ ನೀವೆಲ್ಲ ಏನು ಮಾಡುತ್ತೀರಿ?

ಚುಕ್ಕಾಣಿ:
ಅಕ್ಕ, ಮೊದಲು ತಲೆ ಎಣಿಸುತ್ತೇನೆ. ದೋಣಿಯಲ್ಲಿ ಎಷ್ಟು ಜನ ಇದ್ದರೋ ಅಷ್ಟು ತಲೆ ನೀರಿನ ಮೇಲೆ ಕಾಣಬೇಕು. ಒಂದು ಕಮ್ಮಿ ಇದ್ದರೂ ಕ್ಯಾಮೆರಾ ಕೆಳಗೆ, ರೇಡಿಯೋ ಮೇಲೆ. ಹಾಯಿಯ ಕೆಳಗೆ, ಹಗ್ಗದಲ್ಲಿ ಸಿಕ್ಕಿಕೊಂಡಿರಬಹುದು. ರಕ್ಷಣಾ ಬೋಟ್ ದೂರ ಇದ್ದರೆ ಆ ಹೊತ್ತಿಗೆ ನಾವೇ ರಕ್ಷಣಾ ಬೋಟ್. ಹತ್ತಿರ ಹೋದಾಗ ಎಂಜಿನ್ ನಿಲ್ಲಿಸಲೇಬೇಕು, ನೀರಿನಲ್ಲಿ ಜನ ಇದ್ದಾರೆ.

ಕಮಿಟಿಬೋಟ್:
ಅಪಾಯದಲ್ಲಿ ಇರುವವರಿಗೆ ಆದಷ್ಟೂ ನೆರವು ಕೊಡಬೇಕು ಅನ್ನುವುದು ರೇಸಿಂಗ್ ನಿಯಮಗಳ ಪುಸ್ತಕದಲ್ಲಿ ಮೊದಲ ನಿಯಮವೇ. ಸ್ಪರ್ಧಿಗಳೂ ರೇಸ್ ಬಿಟ್ಟು ನೆರವಿಗೆ ಹೋಗಬೇಕು ಅಂತ ಇರುವಾಗ ಫೋಟೋ ಬೋಟ್‌ಗೆ ಬೇರೆ ಮಾತೇನು?

ಮಕ್ಕಳ ಫೋಟೋ ಹಾಕುವುದಕ್ಕೆ ಮೊದಲು ಆ ಸ್ಪರ್ಧೆಯಲ್ಲಿ ಪೋಷಕರ ಒಪ್ಪಿಗೆ ಹೇಗೆ ಪಡೆದಿದ್ದಾರೆ ಅಂತ ನಮ್ಮನ್ನು ಕೇಳಿ. ಒಪ್ಪಿಗೆ ಇದ್ದರೂ ಅಳುವ ಮುಖ ಬೇಡ.

ಟ್ರಪೀಜ್ ತಂತಿ:
ಮರಿದೋಣಿ ಅಮ್ಮ, ನಿಮ್ಮ ಮಗಳಿಗೆ ನನ್ನ ಕಡೆಯಿಂದ ಹೇಳಿ. ನಾನೂ ಆ ಪುಟ್ಟ ದೋಣಿಯಲ್ಲೇ ಶುರು ಮಾಡಿದವಳು, ಲೆಕ್ಕವಿಲ್ಲದಷ್ಟು ಸಲ ಮಗುಚಿದ್ದೇನೆ. ದೋಣಿ ಎತ್ತಿ ನಿಲ್ಲಿಸಿ ಒಳಗೆ ಹತ್ತಿದ ಕ್ಷಣದ ಒಂದು ಫೋಟೋ ನನ್ನ ಹತ್ತಿರ ಇದೆ. ಮುಖದ ತುಂಬ ನೀರು, ಕೂದಲು ಅಂಟಿಕೊಂಡಿದೆ. ಅದನ್ನು ತೆಗೆದವರು ಮಗುಚಿದಾಗ ತೆಗೆಯಲಿಲ್ಲ, ಎದ್ದಾಗ ತೆಗೆದರು. ಇವತ್ತಿಗೂ ಅದು ನನ್ನ ಗೋಡೆ ಮೇಲಿದೆ.

ಮರಿದೋಣಿ ಅಮ್ಮ:
ಹೇಳುತ್ತೇನೆ ತಂಗಿ. ಬಹಳ ಧನ್ಯವಾದ.

ಅಲೆಮಾರಿ:
ಸೀಸನ್ ಜೋರಾದಾಗ ತೆಗೆಯುವುದಕ್ಕಿಂತ ವಿಂಗಡಿಸುವುದೇ ಕಷ್ಟ. ಭಾನುವಾರ ರಾತ್ರಿ ನಾಲ್ಕು ಸಾವಿರ ಫೋಟೋ ಮುಂದೆ ಕೂತಾಗ ಯಾವುದು ಎರಡನೇ ರೇಸ್, ಯಾವುದು ಮೂರನೇದು ಅಂತ ತಿಳಿಯುವುದಿಲ್ಲ. ನಾನು ಎರಡು ಕೆಲಸ ಮಾಡುತ್ತೇನೆ. ಬೆಳಿಗ್ಗೆ ಕ್ಯಾಮೆರಾದ ಗಡಿಯಾರವನ್ನು ಕಮಿಟಿ ಬೋಟಿನ ಸಮಯಕ್ಕೆ ಸರಿಹೊಂದಿಸುತ್ತೇನೆ. ಪ್ರತಿ ಸ್ಟಾರ್ಟ್‌ಗೆ ಮೊದಲು ಕಮಿಟಿ ಬೋಟಿನ ಬಾವುಟಗಳ ಒಂದು ಫೋಟೋ ತೆಗೆಯುತ್ತೇನೆ. ರಾತ್ರಿ ಅದೇ ಗಡಿಗಲ್ಲು. ಅದು ಕಂಡಲ್ಲಿ ಹೊಸ ರೇಸ್ ಶುರು.

ಹಾಯಿಯ ನಂಬರ್ ಕಾಣುವ ಒಂದು ಫ್ರೇಮ್ ಪ್ರತಿ ದೋಣಿಗೂ ಇರಲಿ. ಮೇಲೆ ದೇಶದ ಮೂರಕ್ಷರ, ಜೊತೆಗೆ ನಂಬರ್. ನಂಬರ್ ಇಲ್ಲದ ಒಳ್ಳೆಯ ಫೋಟೋ ಸಿಕ್ಕರೆ ಹಿಂದಿನ, ಮುಂದಿನ ಫ್ರೇಮ್ ನೋಡಿ ಹೆಸರು ಹಾಕಬಹುದು. ದಿಗಂತ ಸರಿಪಡಿಸುವಾಗ ನೀರಿನ ಗೆರೆ ನೋಡಿ, ಕಂಬ ನೋಡಬೇಡಿ. ದೋಣಿ ವಾಲಿದ್ದೇ ಸತ್ಯ, ಅದನ್ನು ನೆಟ್ಟಗೆ ಮಾಡಿದರೆ ಸಮುದ್ರ ವಾಲುತ್ತದೆ.

ಹೊಸಲೆನ್ಸ್:
ವಾರ ಕಳೆದು ವಾಪಸ್ ಬಂದಿದ್ದೇನೆ. ನಡೆದದ್ದನ್ನು ಹೇಳಬೇಕು.

ಶನಿವಾರ ಬೆಳಿಗ್ಗೆ ಸಭೆಗೆ ಹೋದೆ. ಹೋದ ವಾರದ ಅಲೆ ನನ್ನದೇ ತಪ್ಪು ಅಂತ ಎಲ್ಲರ ಮುಂದೆ ಹೇಳಿ ಕ್ಷಮೆ ಕೇಳಿದೆ. ಆ ದೋಣಿಯವರೂ ಅಲ್ಲಿದ್ದರು. ತಲೆ ಆಡಿಸಿದರು. ರೇಡಿಯೋ ಚಾನೆಲ್ ಕೊಟ್ಟರು. ಗೆಳೆಯನೇ ಎರಡೂ ದಿನ ಓಡಿಸಿದ. ಹಿಂದಿನ ರಾತ್ರಿ ಕಾಗದದ ಮೇಲೆ ಗಾಳಿ, ಲೈನ್, ಮಾರ್ಕ್ ಎಲ್ಲಾ ಬರೆದು, ಬೆಂಕಿಕಡ್ಡಿಗಳನ್ನು ದೋಣಿ ಮಾಡಿಕೊಂಡು ಇಬ್ಬರೂ ಕಲಿತೆವು.

ಇಡೀ ಶನಿವಾರ ಎರಡೇ ಜಾಗ. ಮೇಲಿನ ಮಾರ್ಕ್‌ನ ಆಚೆ, ಆಮೇಲೆ ಕೆಳಗಿನ ಮಾರ್ಕ್‌ನಿಂದ ಸಾಕಷ್ಟು ಕೆಳಗೆ. ಎಂಜಿನ್ ಬಹಳ ಹೊತ್ತು ನಿಂತೇ ಇತ್ತು. ನಿಶ್ಶಬ್ದವಾಗಿ ನಿಂತಾಗ ಮೊದಲ ಸಲ ರೇಸಿನ ಶಬ್ದ ಕೇಳಿಸಿತು. ಹಾಯಿ ಬಡಿಯುವುದು, ರಾಟೆ ಕಿರಗುಟ್ಟುವುದು, ಒಬ್ಬರಿಗೊಬ್ಬರು ಕೂಗುವುದು. ಸ್ಪಿನ್ನೇಕರ್‌ಗಳು ಒಂದರ ಹಿಂದೆ ಒಂದು ತೆರೆದುಕೊಂಡು ನನ್ನ ಕಡೆಗೇ ಇಳಿದು ಬಂದಾಗ ಒತ್ತುವುದನ್ನೇ ಒಂದು ಕ್ಷಣ ಮರೆತೆ.

ಎರಡು ದಿನಕ್ಕೆ 900 ಫ್ರೇಮ್ ಅಷ್ಟೇ. ಅದರಲ್ಲಿ ಮೂವತ್ತು ಇಟ್ಟುಕೊಂಡೆ. ಒಂದರಲ್ಲಿ ಮೂರು ದೋಣಿಗಳು ಒಟ್ಟಿಗೆ ಮಾರ್ಕ್ ಸುತ್ತುತ್ತಿವೆ. ಮುಂದಿನವರು ಹಿಂದೆ ತಿರುಗಿ ನೋಡುತ್ತಿದ್ದಾರೆ, ನಡುವಿನವರ ಬಾಯಿ ತೆರೆದಿದೆ, ಕೊನೆಯವರ ಹಗ್ಗ ಸಿಕ್ಕಿಕೊಂಡಿದೆ. ಹಿಂದಿನಿಂದ ತೆಗೆದ ಪೂರ್ತಿ ಹಾಯಿಯ ಫೋಟೋಗಳನ್ನು ಆ ಅಲೆ ತಿಂದ ದೋಣಿಯವರಿಗೆ ಕಳಿಸಿದೆ. "ತುದಿ ಜಾಸ್ತಿ ತೆರೆದಿದೆ ಅಂತ ಈಗ ಗೊತ್ತಾಯಿತು" ಅಂತ ಉತ್ತರ ಬಂತು.

ಸ್ಟಾರ್ಟ್ ಇನ್ನೂ ಕೈಗೆ ಹತ್ತಿಲ್ಲ. ಎಡ ಮಾರ್ಕ್‌ನ ಹೊರಗೆ ನಿಂತೆ. ಆದರೆ ಮೊದಲ ದೋಣಿಯ ಹಾಯಿಯೇ ಉಳಿದ ಎಲ್ಲವನ್ನೂ ಮುಚ್ಚಿಬಿಟ್ಟಿತು.

ಅಲೆಮಾರಿ:
ಲೈನಿಗೆ ಸರಿಸಮ ನಿಂತಿದ್ದಿರಿ ಅನಿಸುತ್ತದೆ. ಇನ್ನೂ ಸ್ವಲ್ಪ ಕೆಳಗೆ, ಗಾಳಿ ಹೋಗುವ ಕಡೆ ಸರಿಯಿರಿ. ಆಗ ಸಾಲು ಬಿಡಿಸಿಕೊಳ್ಳುತ್ತದೆ. ಸಾಧ್ಯವಾದರೆ ನಿಂತು ತೆಗೆಯಿರಿ, ಗೆಳೆಯನಿಗೆ ಬೋಟ್ ಅಲುಗದಂತೆ ಹಿಡಿಯಲು ಹೇಳಿ. ಎತ್ತರದಿಂದ ತೆಗೆದರೆ ದೋಣಿ ದೋಣಿಯ ನಡುವೆ ನೀರು ಕಾಣುತ್ತದೆ. ಮಾರ್ಕ್ ಹತ್ತಿರ ಮಾತ್ರ ಕೂತು ತೆಗೆಯಿರಿ, ಅಲ್ಲಿ ಅಲೆ ಎತ್ತರ ಕಾಣಬೇಕು.

ಚುಕ್ಕಾಣಿ:
ಗೆಳೆಯನಿಗೆ ನನ್ನ ಕಡೆಯಿಂದ ಶಾಭಾಷ್ ಹೇಳಿ. ಬೋಟ್ ಸುಮ್ಮನೆ ನಿಂತಾಗ ಗಾಳಿಗೆ ತೇಲಿಕೊಂಡು ರೇಸಿನ ಕಡೆಗೇ ಹೋಗುತ್ತಿರುತ್ತದೆ, ಅದನ್ನು ಗಮನಿಸುತ್ತಿರಲಿ. ಮೇಲಿನ ಮಾರ್ಕ್‌ನಲ್ಲಿ ಇದು ಬೇಗ ಆಗುತ್ತದೆ. ದೂರದ ಎರಡು ಗುರುತು ಒಂದರ ಹಿಂದೆ ಒಂದು ಬರುವಂತೆ ನೋಡಿಕೊಂಡರೆ ಎಷ್ಟು ಸರಿದಿದ್ದೇವೆ ಅಂತ ತಿಳಿಯುತ್ತದೆ.

ಹೊಸಲೆನ್ಸ್:
ಅದೇ ಆಯಿತು ಅಣ್ಣ, ಭಾನುವಾರ ಎರಡು ಸಲ ಹಾಗೆ ತೇಲಿ ಹೋಗಿ ವಾಪಸ್ ಬಂದೆವು. ಗೆಳೆಯನಿಗೆ ಹೇಳುತ್ತೇನೆ. ಬರುವ ಶನಿವಾರ ಮೊದಲ ಸ್ಟಾರ್ಟ್ ಹನ್ನೊಂದಕ್ಕೆ. ಎಡ ಮಾರ್ಕ್‌ನಿಂದ ಕೆಳಗೆ, ನಿಂತುಕೊಂಡು. ರಾತ್ರಿ ಬಂದು ಬರೆಯುತ್ತೇನೆ.